ಗೋಡೌನು

"ಒಂದು... ಎರಡು... ಎತ್ರೋ!"

ಫೋರ್‌ಮನ್ ಕೂಗಿದ್ದೇ ತಡ, ಆರು ಜನ ಗಟ್ಟಿಮುಟ್ಟಾದ ಗಂಡಸರು ಹಲ್ಲು ಕಚ್ಚಿ, ಮಂಡಿ ಬಗ್ಗಿಸಿ, ಇದ್ದಬದ್ದ ಬಲವನ್ನೆಲ್ಲ ತೋಳಿಗೆ ತಂದುಕೊಂಡು ಪೆಟ್ಟಿಗೆಯನ್ನು ಎತ್ತಿದರು. ಪೆಟ್ಟಿಗೆ ಚಂಗನೆ ಮೇಲಕ್ಕೆ ನೆಗೆಯಿತು. ಎಡಗಡೆಯ ಮೂವರು ಬಲಗಡೆಯವರ ಮೇಲೆ ವಾಲಿದರು. ಮುಂದಿನ ಮೂಲೆ ಬಾಗಿಲ ಚೌಕಟ್ಟಿಗೆ ಬಡಿದು ಗಾರೆಯ ಚಕ್ಕೆಯೊಂದು ಉದುರಿತು.

"ಅಯ್ಯೋ, ಇದೇನ್ರೋ ಇದು? ಒಳಗೆ ಇದಾನೋ ಇಲ್ವೋ?" ಎಂದ ಒಬ್ಬ.

ಮಿಕ್ಕವರು ಮುಖ ಮುಖ ನೋಡಿಕೊಂಡರು. ಅವರು ಹೊರಲು ಬಂದದ್ದು ಗೋಡೌನನ್ನು. ಬಸ್ ಡಿಪೋದ ಟಯರ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ಮನುಷ್ಯನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಷ್ಟು ಹಾಕಿದರೂ ತುಂಬದ ಹೊಟ್ಟೆ ಎಂದು ಯಾರೋ ತಮಾಷೆಗೆ ಇಟ್ಟ ಅಡ್ಡಹೆಸರು ಮೈಗೆ ಅಂಟಿಕೊಂಡುಬಿಟ್ಟಿತ್ತು. ಮೂರನೆಯ ಮಹಡಿಯಿಂದ ಗೋಡೌನನ್ನು ಇಳಿಸಬೇಕೆಂದರೆ ನಾಲ್ಕು ಜನ ಎಲ್ಲಿಗೂ ಸಾಲುವುದಿಲ್ಲವೆಂದು ಫೋರ್‌ಮನ್ ಬೆಳಿಗ್ಗೆಯೇ ಡಿಪೋದಲ್ಲಿ ತೋಳು ದಪ್ಪಗಿರುವವರನ್ನು ಆರಿಸಿ ಕರೆತಂದಿದ್ದ. ಕಾಯಿಲೆ ಬಿದ್ದ ಮೇಲೆ ಅವನನ್ನು ಕಣ್ಣಾರೆ ಕಂಡವರು ಆ ಆರು ಜನರಲ್ಲಿ ಒಬ್ಬರೂ ಇರಲಿಲ್ಲ.

"ಒಳಗೇ ಇದಾರೆ," ಎಂದಳು ಸತ್ತವನ ಹೆಂಡತಿ. ಅವಳು ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. "ಇಬ್ಬರು ಸಾಕು. ಮಿಕ್ಕವರು ಬಿಟ್ಟುಬಿಡಿ. ಮೆಟ್ಟಿಲು ಚಿಕ್ಕದು."

"ಇರ್ಲಿ ಬಿಡಮ್ಮ, ಎಲ್ಲರೂ ಕೈ ಹಚ್ಚಬೇಕು ಅಂತ ಆಸೆಯಿಂದ ಬಂದಿದಾರೆ," ಎಂದ ಫೋರ್‌ಮನ್.

ಆಸೆಯಿಂದ! ಅವಳು ಬಾಯಿಯವರೆಗೆ ಬಂದದ್ದನ್ನು ತಡೆದುಕೊಂಡಳು. ಬೆಳಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಬಂದು ಹೋದವರೆಲ್ಲ ಅದನ್ನು ಗಮನಿಸಿ, 'ಪಾಪ, ಶಾಕ್ ಆಗಿದೆ' ಎಂದು ಪಿಸುಗುಟ್ಟಿಕೊಂಡಿದ್ದರು. ಶಾಕ್ ಅಲ್ಲ, ಸಿಟ್ಟು. ನೆನ್ನೆ ಆಸ್ಪತ್ರೆಯಲ್ಲಿ ಅವನ ಮುಖದ ಮೇಲೆ ಬಟ್ಟೆ ಎಳೆದಾಗಿನಿಂದ ಅವಳಿಗೆ ಅಳು ಬರುವ ಜಾಗದಲ್ಲೆಲ್ಲ ಸಿಟ್ಟೇ ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಮೊದಲು ಯಾರ ಹೆಸರು ಹೇಳುವುದೆಂದು ಗೊತ್ತಾಗದಷ್ಟು ಸಿಟ್ಟು.

ಪೆಟ್ಟಿಗೆ ಮೆಟ್ಟಿಲಿಳಿಯತೊಡಗಿತು. ಎರಡನೆಯ ಮಹಡಿಯ ತಿರುವಿನಲ್ಲಿ ಅದನ್ನು ಓರೆ ಮಾಡಬೇಕಾಯಿತು. ಅವಳು ಅತ್ತೆಯ ಕೈಹಿಡಿದು ನಾಲ್ಕು ಮೆಟ್ಟಿಲು ಹಿಂದೆ ಬರುತ್ತಿದ್ದಳು. ಕೆಳಗಿನಿಂದ ಫೋರ್‌ಮನ್ ತಗ್ಗಿದ ದನಿಯಲ್ಲಿ ಹೇಳಿದ್ದು ಆ ಇಕ್ಕಟ್ಟಿನ ಗೋಡೆಗಳಿಗೆ ಬಡಿದು ಸ್ಪಷ್ಟವಾಗಿ ಮೇಲಕ್ಕೆ ಬಂತು.

"ಏನೇ ಅನ್ನಿ, ಗೋಡೌನು ಕೊನೇಲಿ ನಮ್ಮ ಸೊಂಟದ ಮೇಲೆ ಕನಿಕರ ತೋರಿಸ್ಬಿಟ್ಟ."

ಯಾರೋ ಮೂಗಿನಲ್ಲಿ ನಕ್ಕರು.

"ಯಾರು ನಕ್ಕಿದ್ದು?"

ಪೆಟ್ಟಿಗೆ ನಿಂತಿತು. ಆರು ಜನರ ಬೆವೆತ ಕತ್ತುಗಳು ಅವಳಿಗೆ ಕಾಣುತ್ತಿದ್ದವು. ಒಬ್ಬನೂ ತಿರುಗಲಿಲ್ಲ.

"ಕೇಳ್ತಿದೀನಲ್ಲ, ಯಾರು?"

"ಬಿಡೇ ಮಗಳೇ," ಎಂದರು ಅತ್ತೆ ಅವಳ ಮುಂಗೈ ಒತ್ತಿ. "ಅವನ ಜೊತೆ ನಕ್ಕೊಂಡು ಇದ್ದವರು. ಅಭ್ಯಾಸ."

* * *

ಮದುವೆಯಾದ ಹೊಸದರಲ್ಲಿ ಅವಳೂ ನಕ್ಕಿದ್ದಳು.

ಡಿಪೋದಲ್ಲಿ ಏನೋ ಪಾರ್ಟಿ. ಆಗಿನ್ನೂ ಮೆಕ್ಯಾನಿಕ್ ಆಗಿದ್ದ ಈ ಫೋರ್‌ಮನ್ನೇ ಪಂದ್ಯ ಕಟ್ಟಿದ್ದ: ಒಂದೇ ಕೂತಲ್ಲಿ ಬೇಯಿಸಿದ ಮೊಟ್ಟೆ ಎಷ್ಟು ತಿನ್ನಬಲ್ಲೆ? ಸಂಜೆ ಬೀದಿಯಲ್ಲಿ ಗಲಾಟೆ ಕೇಳಿ ಅವಳು ಕಿಟಕಿಗೆ ಓಡಿ ಬಂದು ನೋಡಿದರೆ, ಗಂಡನನ್ನು ಹೆಗಲ ಮೇಲೆ ಹೊತ್ತುಕೊಂಡು ಒಂದು ಗುಂಪು ಬರುತ್ತಿತ್ತು. "ಗೋಡೌನ್! ಗೋಡೌನ್!" ಎಂದು ಕೂಗುತ್ತಿದ್ದರು. ಮೇಲಿದ್ದ ಅವನು ಎರಡೂ ಕೈಯಲ್ಲಿ ತನ್ನ ಹೊಟ್ಟೆಯನ್ನು ತಮಟೆಯಂತೆ ಬಡಿಯುತ್ತ ನಗುತ್ತಿದ್ದ. ಅಕ್ಕಪಕ್ಕದ ಕಿಟಕಿಗಳಿಂದಲೂ ಜನ ನಕ್ಕರು. ಇಷ್ಟು ಜನಕ್ಕೆ ಬೇಕಾದ ಮನುಷ್ಯ ನನ್ನ ಗಂಡ ಎಂದು ಅವಳಿಗೆ ಹೆಮ್ಮೆಯಾಗಿತ್ತು.

ಅವನು ನಗುನಗುತ್ತಲೇ ಒಳಗೆ ಬಂದ. ನಗುನಗುತ್ತಲೇ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ಎರಡೂ ನಲ್ಲಿಗಳನ್ನು ಪೂರ್ತಿ ತಿರುಗಿಸಿದ. ಸ್ನಾನ ಮಾಡುತ್ತಾನೆ ಅಂದುಕೊಂಡು ಅವಳು ಟವೆಲ್ಲು ಹಿಡಿದು ಬಾಗಿಲ ಹತ್ತಿರ ಹೋದಾಗ ನೀರಿನ ಸದ್ದಿನ ಅಡಿಯಲ್ಲಿ ಬೇರೊಂದು ಸದ್ದು ಕೇಳಿಸಿತು. ಕರುಳೇ ಕಿತ್ತು ಬರುವಂಥ ಸದ್ದು. ಒಮ್ಮೆ ನಿಂತು ಮತ್ತೆ ಶುರುವಾಗುತ್ತಿತ್ತು. ತಾನಾಗಿ ಬಂದ ವಾಂತಿಯಲ್ಲ ಅದು, ಬರಿಸಿಕೊಳ್ಳುತ್ತಿದ್ದದ್ದು ಎಂದು ಅವಳಿಗೆ ಗೊತ್ತಾಗಲು ಮುಂದೆ ಬಹಳ ಕಾಲ ಬೇಕಾಯಿತು.

ಹೊರಗೆ ಬಂದವನ ಕಣ್ಣು ಕೆಂಪಗಿದ್ದವು. ಮುಖ ತೊಳೆದಿದ್ದ. "ಸ್ವಲ್ಪ ಜಾಸ್ತಿ ಆಯ್ತು ಅಷ್ಟೆ," ಎಂದ. ಆಮೇಲೆ ಬೀರುವಿನ ಹಿಂದಿನಿಂದ ಬಾಟಲಿ ತೆಗೆದು, ಲೋಟಕ್ಕೆ ಬಗ್ಗಿಸಿ, ಔಷಧಿ ಕುಡಿಯುವವನ ಹಾಗೆ ಮೂಗು ಹಿಡಿಯುವುದೊಂದು ಬಾಕಿ, ಗಟಗಟನೆ ಕುಡಿದ. ಅವನ ಕೈನಡುಕ ನಿಂತಿತು.

ಅವಳದು ಬಟ್ಟೆ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಆಲ್ಟರೇಷನ್ ಕೆಲಸ. ಗಿರಾಕಿಗಳ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು. ಮನೆಗೆ ಬಂದರೆ ಗಂಡನ ಯೂನಿಫಾರಂ ಪ್ಯಾಂಟು. ಒಂದು ಮಳೆಗಾಲಕ್ಕೆ ಸೊಂಟ ಬಿಚ್ಚಬೇಕು, ಮುಂದಿನ ಬೇಸಿಗೆಗೆ ಹಿಡಿಯಬೇಕು, ಮತ್ತೆ ಬಿಚ್ಚಬೇಕು. ಹೊಲಿಗೆ ಹಾಕಿ ಬಿಚ್ಚಿ, ಹಾಕಿ ಬಿಚ್ಚಿ, ಪಟ್ಟಿಯ ಬಟ್ಟೆ ಜಾಳುಜಾಳಾಗುತ್ತಿತ್ತು. "ನಿಮ್ಮ ಮೈ ಒಂದು ಕಡೆ ನಿಲ್ಲಲ್ವಲ್ರೀ," ಎಂದು ಅವಳು ಗೊಣಗಿದರೆ, "ನಿನಗೆ ಕೆಲಸ ಇರ್ಲಿ ಅಂತ," ಎಂದು ನಗಿಸುತ್ತಿದ್ದ. ಅವನಿಗೆ ಎಲ್ಲದಕ್ಕೂ ಒಂದು ನಗೆಮಾತು ಸಿದ್ಧವಿರುತ್ತಿತ್ತು.

* * *

ಡಿಪೋದ ವ್ಯಾನಿನಲ್ಲಿ ಪೆಟ್ಟಿಗೆಯ ಒಂದು ಬದಿಗೆ ಅವಳು ಮತ್ತು ಅತ್ತೆ, ಇನ್ನೊಂದು ಬದಿಗೆ ಎಲೆಕ್ಟ್ರಿಷಿಯನ್. ಅವನು ಗಂಡನ ಜೀವದ ಗೆಳೆಯ. ಕುಳ್ಳಗಿದ್ದದ್ದರಿಂದ ಡಿಪೋದಲ್ಲಿ ಅವನಿಗೂ ಒಂದು ಅಡ್ಡಹೆಸರು, ಫ್ಯೂಸು. ಫ್ಯೂಸು ಮನೆಗೆ ಬಂದ ಗಳಿಗೆಯಿಂದ ಅವಳ ಕಣ್ಣು ತಪ್ಪಿಸುತ್ತಿದ್ದ. ಈಗಲೂ ಕಿಟಕಿಯಾಚೆಯ ಅಂಗಡಿ ಸಾಲನ್ನು ಜೀವನದಲ್ಲೇ ಕಂಡಿಲ್ಲವೇನೋ ಎಂಬಂತೆ ನೋಡುತ್ತಿದ್ದ.

ಅತ್ತೆ ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ವಯಸ್ಸಾಗಿತ್ತು. ಅತ್ತು ಅತ್ತು ಗಂಟಲು ಒಡೆದಿತ್ತು.

"ಚಿಕ್ಕೋನಿದ್ದಾಗ ಇವನಷ್ಟು ಅಳೋ ಮಗು ಇರ್ಲಿಲ್ಲ ಕಣೆ. ಗಾಳಿ ಬೀಸಿದ್ರೆ ಅಳೋನು. ಬೆಕ್ಕು ಸತ್ತರೆ ಅಳೋನು. ಇವರಪ್ಪಂಗೆ ಅಳು ಕೇಳಿದ್ರೆ ಮೈಮೇಲೆ ಬಂದ ಹಾಗೆ ಆಗ್ತಿತ್ತು. ಗಂಡಸಾಗಿ ಅಳ್ತೀಯೇನೋ ಅಂತ ಬೆಲ್ಟು ಬಿಚ್ಚೋರು."

"ಗೊತ್ತು ಅತ್ತೆ."

"ನಾನೊಂದು ಉಪಾಯ ಕಂಡುಕೊಂಡಿದ್ದೆ." ಮುದುಕಿಯ ಮುಖದಲ್ಲಿ ಒಂದು ಸಣ್ಣ ನಗು ಸುಳಿಯಿತು. "ತುಟಿ ಅದುರೋಕೆ ಶುರುವಾಯ್ತು ಅನ್ನೋ ಹೊತ್ತಿಗೆ ಬಾಯಿಗೊಂದು ತುತ್ತು ತುರುಕಿಬಿಡ್ತಿದ್ದೆ. ಏನು ಕೈಗೆ ಸಿಕ್ಕಿದ್ರೆ ಅದು. ಬಿಸ್ಕತ್ತು, ಬಾಳೆಹಣ್ಣು, ಸಕ್ಕರೆ. ಬಾಯಿ ತುಂಬಿದ್ರೆ ಹೇಗೆ ಅಳ್ತಾನೆ? ಟಕ್ ಅಂತ ನಿಂತ್ಹೋಗ್ತಿತ್ತು. ಆಮೇಲಾಮೇಲೆ ಅವನೇ ಕಲಿತ. ಅಪ್ಪನ ಚಪ್ಪಲಿ ಸದ್ದು ಕೇಳಿದ್ರೆ ಸಾಕು, ತಾನೇ ಓಡಿ ಹೋಗಿ ಡಬ್ಬಿಗೆ ಕೈ ಹಾಕೋನು. ಎಷ್ಟು ಜಾಣ ಇದ್ದ ನೋಡು."

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಬೆಲ್ಟಿನ ಕತೆ ಹೇಳಿದ್ದ, ಅದನ್ನೂ ನಗೆಮಾತು ಮಾಡಿ. ತುತ್ತಿನ ಕತೆ ಹೇಳಿರಲಿಲ್ಲ. ಈಗ ಈ ಮುದುಕಿಯ ಮೇಲೆ ರೇಗುವುದೇ? ಏಟು ತಪ್ಪಿಸಲು ಮಗುವಿನ ಬಾಯಿಗೆ ಸಕ್ಕರೆ ಹಾಕಿದ ತಾಯಿಯ ಮೇಲೆ? ಎಂದೋ ಸತ್ತುಹೋದ ಆ ಮಾವನ ಮೇಲೆ? ಅವಳಿಗೆ ಎದ್ದು ಹೋಗಿ ಆತನ ಗೋರಿಯನ್ನು ಒದೆಯಬೇಕೆನಿಸಿತು.

"ಸಾಕು ಅತ್ತೆ," ಎಂದಳು. "ಸ್ವಲ್ಪ ನೀರು ಕುಡೀರಿ."

* * *

ಅಂಗಡಿಯಲ್ಲಿ ಕರೆಂಟು ಹೋಗಿ ಅವಳು ಮಧ್ಯಾಹ್ನವೇ ಮನೆಗೆ ಬಂದ ದಿನ ಅದು. ಬಾಗಿಲು ತೆರೆದಿತ್ತು. ಡ್ಯೂಟಿಯಲ್ಲಿರಬೇಕಿದ್ದ ಗಂಡ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ಸುತ್ತ ಬ್ರೆಡ್ಡಿನ ಹರಿದ ಕಾಗದ, ಖಾಲಿ ಪಾತ್ರೆ, ಸಕ್ಕರೆ ಡಬ್ಬಿ. ಹಸಿ ಆಲೂಗಡ್ಡೆಯೊಂದನ್ನು ಸಿಪ್ಪೆಯ ಸಮೇತ ಕಚ್ಚಿ ಕಚ್ಚಿ ನುಂಗುತ್ತಿದ್ದ. ಗ್ರೀಸಿನ ಕೈ ಕೂಡ ತೊಳೆದಿರಲಿಲ್ಲ. ರುಚಿ ಹತ್ತಿ ತಿನ್ನುವವನ ಮುಖವಲ್ಲ ಅದು. ಕಣ್ಣು ತೆರೆದುಕೊಂಡೇ ನಿದ್ದೆಹೋದವನ ಮುಖ.

ಅವಳು ಎದುರಿಗೆ ಕೂತು ಆಲೂಗಡ್ಡೆಯನ್ನು ಕಿತ್ತುಕೊಂಡಳು. "ಏನಾಯ್ತು?"

"ಏನಿಲ್ಲ."

"ಏನಾಯ್ತು ಹೇಳ್ರೀ."

ಕೊನೆಗೆ ಹೇಳಿದ. ನೆನ್ನೆ ಒಂದು ಬಸ್ಸಿನ ಹಿಂದಿನ ಗಾಲಿ ದಾರಿಯಲ್ಲಿ ಕಳಚಿ ಬಿದ್ದಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಆ ಗಾಲಿ ಹಾಕಿದವನು ಅವನು. ನಟ್ಟು ಪೂರ್ತಿ ಬಿಗಿ ಮಾಡುವ ಮೊದಲೇ 'ತಡ ಆಯ್ತು, ಬಿಡೋ ಗಾಡಿ' ಎಂದು ಬಸ್ಸನ್ನು ಹೊರಡಿಸಿದವನು ಫೋರ್‌ಮನ್. ಇವತ್ತು ಬೆಳಿಗ್ಗೆ ಮೇಲಿನ ಸಾಹೇಬರು ಬಂದಾಗ, ಇಡೀ ಡಿಪೋ ನಿಂತಿದ್ದ ಅಂಗಳದಲ್ಲಿ ಫೋರ್‌ಮನ್ ಹೇಳಿದ್ದ: "ಇವನಿಗೆ ತಿನ್ನೋಕೆ ಬಾಯಿದೆ ಸಾರ್, ನಟ್ಟು ತಿರುಗ್ಸೋಕೆ ಕೈ ಇಲ್ಲ." ಎಲ್ಲರೂ ಗೊಳ್ಳೆಂದು ನಕ್ಕಿದ್ದರು.

"ನೀವೇನಂದ್ರಿ?"

"ನಾನೂ ನಕ್ಕೆ."

"ನಕ್ಕಿರಾ!"

"ಹೊಟ್ಟೆ ತಟ್ಟಿಕೊಂಡು ತೋರಿಸ್ದೆ. ಇನ್ನೂ ಜೋರಾಗಿ ನಕ್ಕರು. ಸಾಹೇಬರೂ ನಕ್ಕರು. ಹಾಗಾಗಿ ಏನೂ ಆಗ್ಲಿಲ್ಲ, ವಾರ್ನಿಂಗ್ ಕೊಟ್ಟು ಬಿಟ್ರು."

"ನಿಮಗೆ ಸಿಟ್ಟು ಬರ್ಲಿಲ್ವಾ?"

ಅವನು ನಿಜವಾಗಿ ಯೋಚಿಸಿದ. ತನ್ನ ಒಳಗೆಲ್ಲೋ ಆ ಸಾಮಾನನ್ನು ಇಟ್ಟಿದ್ದೆನಾ ಎಂದು ಹುಡುಕುವವನ ಹಾಗೆ. "ಗೊತ್ತಿಲ್ಲ ಕಣೆ. ಸಿಟ್ಟು ಅಂದ್ರೆ ಹೇಗಿರುತ್ತೆ? ನನಗೆ ಎಲ್ಲಾನೂ ಹಸಿವಿನ ಥರಾನೇ ಬರುತ್ತೆ. ಬೇಜಾರಾದ್ರೂ ಅಷ್ಟೆ, ಹೆದರಿಕೆ ಆದ್ರೂ ಅಷ್ಟೆ. ಇಲ್ಲಿ ಏನೋ ಬಾಯಿ ತೆಗೆದ ಹಾಗೆ." ಎದೆ ಮತ್ತು ಹೊಟ್ಟೆಯ ನಡುವೆ ಕೈಯಿಟ್ಟು ತೋರಿಸಿದ. "ತಿಂದ್ರೆ ಮುಚ್ಚಿಕೊಳ್ಳುತ್ತೆ. ಮುಚ್ಚಿಕೊಂಡ ಮೇಲೆ ಇಷ್ಟು ತಿಂದೆನಲ್ಲ ಅಂತ ನನ್ನ ಮೇಲೆ ನನಗೇ ಹೇಸಿಗೆ. ತೆಗೆದುಬಿಡ್ತೀನಿ. ತೆಗೆದ್ಮೇಲೆ ಕೈಕಾಲು ನಡುಗುತ್ತೆ, ಅದಕ್ಕೊಂದಿಷ್ಟು ಕುಡೀತೀನಿ. ಕುಡಿದ್ರೆ ಮತ್ತೆ ಹಸಿವು. ಇಷ್ಟೇ."

ಇಷ್ಟೇ ಎಂದುಬಿಟ್ಟ, ಪಂಕ್ಚರ್ ಹಾಕುವುದು ಹೇಗೆಂದು ಯಾರಿಗೋ ಹೇಳಿಕೊಟ್ಟು ಮುಗಿಸಿದಂತೆ.

ಅವಳು ದಡಬಡನೆ ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ಈಗ್ಲೇ ಡಿಪೋಗೆ ಹೋಗಿ ಆ ಮನುಷ್ಯನ ಮುಖದ ನೀರಿಳಿಸಿ ಬರ್ತೀನಿ."

ಅವನು ಕೂತಲ್ಲಿಂದಲೇ ಅವಳ ಕೈ ಹಿಡಿದುಕೊಂಡ. "ಬೇಡ ಕಣೆ. ನಿನ್ನ ನೋಡೂ ನಗ್ತಾರೆ ಅಷ್ಟೆ. ನಗ್ತಾ ಇರೋ ತನಕ ಯಾರೂ ಹೊಡೆಯಲ್ಲ."

* * *

ಗುಂಡಿ ತೋಡಿದವರು ಸಲಿಕೆ ಊರಿಕೊಂಡು ಬೇಲಿಯ ಹತ್ತಿರ ನಿಂತಿದ್ದರು. ಬಿಸಿಲು ಏರಿತ್ತು. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದ ಮೇಲೆ ಫೋರ್‌ಮನ್ ಗಂಟಲು ಸರಿಮಾಡಿಕೊಂಡು ನಾಲ್ಕು ಮಾತಾಡಿದ.

"ನನ್ನ ಸರ್ವೀಸಿನಲ್ಲಿ ಇಂಥ ಮನುಷ್ಯನ್ನ ನೋಡಿಲ್ಲ. ಒಂದು ದಿನ ಮುಖ ಸಿಂಡರಿಸಿದವನಲ್ಲ. ನಾನು ಎಷ್ಟೋ ಸಲ ಬಾಯಿಗೆ ಬಂದ ಹಾಗೆ ಬೈದಿದೀನಿ, ಕೆಲಸ ಅಂದ್ಮೇಲೆ ಬೈಬೇಕಾಗುತ್ತೆ. ತುಟಿ ಪಿಟಕ್ ಅನ್ನದೆ ನಗ್ತಾ ಹೋಗೋನು. ಮನಸ್ಸಲ್ಲಿ ಏನೂ ಇಟ್ಕೊಳ್ತಿರ್ಲಿಲ್ಲ."

ಜನ ತಲೆದೂಗಿದರು. ಅವಳು ಮಣ್ಣು ಹಾಕಲು ಬಗ್ಗಿದಳು. ಹಿಡಿ ತುಂಬ ಮಣ್ಣು ತೆಗೆದುಕೊಂಡು, ಹಾಕುವ ಬದಲು ಎಸೆದಳು. ಹೆಂಟೆಗಳು ಪೆಟ್ಟಿಗೆಯ ಮೇಲೆ ಬಿದ್ದ ಸದ್ದಿಗೆ ಪಕ್ಕದವರು ಬೆಚ್ಚಿದರು. ಅವಳ ಸಿಟ್ಟು ಆ ಕ್ಷಣ ಇಡೀ ಗುಂಪನ್ನು ಬಿಟ್ಟು ಪೆಟ್ಟಿಗೆಯ ಒಳಗಿದ್ದವನ ಕಡೆ ತಿರುಗಿತ್ತು. ಒಂದು ಸಲ, ಒಂದೇ ಒಂದು ಸಲ ಬೈದುಬಿಡಬಾರದಿತ್ತೇನೋ ಮಹಾರಾಯ. ಕೈಯಲ್ಲಿದ್ದ ಸ್ಪ್ಯಾನರ್ ತೆಗೆದು ಆ ಫೋರ್‌ಮನ್ನಿನ ಕಾಲ ಬುಡಕ್ಕೆ ಎಸೆದು ಬರಬಾರದಿತ್ತೇ. ಮನೆಗೆ ಬಂದು ನನ್ನ ಮೇಲಾದರೂ ಕೂಗಾಡಬಾರದಿತ್ತೇ. ತಟ್ಟೆ ಲೋಟ ಒಡೆಯಬಾರದಿತ್ತೇ. ನಿನ್ನ ಪಾಲಿನ ಸಿಟ್ಟನ್ನೂ ನನ್ನ ತಲೆಗೆ ಕಟ್ಟಿ ಹೋದೆಯಲ್ಲ.

ಜನ ಚದುರಿದ ಮೇಲೆ ಫ್ಯೂಸು ಹತ್ತಿರ ಬಂದ. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ.

"ಅತ್ತಿಗೆ, ನಾನು ಬಂದು ನೋಡ್ಬೇಕಿತ್ತು. ಎಷ್ಟೋ ಸಲ ಆಸ್ಪತ್ರೆ ಗೇಟಿನ ತನಕ ಬಂದೆ. ಕಾಲು ಮುಂದಕ್ಕೆ ಹೋಗ್ಲಿಲ್ಲ."

"ಯಾಕೆ?"

"ನನಗೆ ಗೊತ್ತಿತ್ತು. ಮೊದಲಿಂದ್ಲೂ."

"ಏನು ಗೊತ್ತಿತ್ತು?"

"ಪಂದ್ಯ ಮುಗಿದ ಮೇಲೆ ಅವನು ಹಳೇ ಟಯರ್ ರಾಶಿ ಹಿಂದೆ ಹೋಗ್ತಿದ್ದ. ನಾನು ಈಚೆ ನಿಂತ್ಕೊಂಡು ಯಾರಾದ್ರೂ ಬಂದ್ರೆ ಶಿಳ್ಳೆ ಹೊಡೀತಿದ್ದೆ. ಒಂದು ಚೊಂಬು ನೀರು ತಗೊಂಡೋಗಿ ಕೊಡ್ತಿದ್ದೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಪಂದ್ಯಕ್ಕೆ ಮೊಟ್ಟೆ ಸುಲಿದು ಕೊಡ್ತಿದ್ದವನೂ ನೀನೇ ಅಲ್ವಾ?"

"ಹೌದು ಅತ್ತಿಗೆ."

"ಮುಂದೆ ಕೂತು ತಿನ್ನಿಸೋದು, ಹಿಂದೆ ನಿಂತು ಕಾವಲು ಕಾಯೋದು. ಎರಡೂ ನೀನೇ."

ಫ್ಯೂಸಿನ ಕಣ್ಣಿಂದ ನೀರು ಇಳಿಯಿತು. ಅವಳಿಗೆ ಎಳ್ಳಷ್ಟೂ ಕನಿಕರ ಹುಟ್ಟಲಿಲ್ಲ. "ಅಳು," ಎಂದಳು. "ನಿನಗಾದ್ರೂ ಬರುತ್ತಲ್ಲ."

* * *

ಕುಡಿತ ಬಿಡಿಸುವ ಕೇಂದ್ರಕ್ಕೆ ಗಂಡನನ್ನು ಒಪ್ಪಿಸಿ ಸೇರಿಸಿದವಳು ಅವಳೇ. ಅಲ್ಲಿನ ದೊಡ್ಡ ಡಾಕ್ಟರು ಎಷ್ಟು ಕುಡಿಯುತ್ತಾನೆ, ಯಾವಾಗಿನಿಂದ, ಯಾವ ಹೊತ್ತಿಗೆ ಎಂದೆಲ್ಲ ಕೇಳಿದರು. ಅವಳು ನಡುವೆ ಬಾಯಿ ಹಾಕಿದಳು: "ಡಾಕ್ಟ್ರೇ, ಇವರು ತಿಂದಿದ್ದನ್ನ ಬೇಕಂತ್ಲೇ ತೆಗೀತಾರೆ."

"ಕುಡಿಯೋರೆಲ್ಲ ವಾಂತಿ ಮಾಡ್ತಾರಮ್ಮ. ಕುಡಿತ ನಿಂತ್ರೆ ಅದೂ ನಿಲ್ಲುತ್ತೆ."

ಕುಡಿತ ನಿಂತಿತು. ಅದರ ಜಾಗಕ್ಕೂ ಊಟವೇ ಬಂದು ಕೂತಿತು. ಎರಡೇ ತಿಂಗಳಲ್ಲಿ ಅವನು ಊದಿಕೊಂಡ. ಕೇಂದ್ರದವರಿಗೆ ಖುಷಿಯೋ ಖುಷಿ. "ನೋಡಿ, ಹಸಿವು ಹೇಗೆ ಬಂದಿದೆ! ಗುಣವಾಗೋ ಲಕ್ಷಣ ಇದು," ಎಂದು ಬೆನ್ನು ತಟ್ಟಿ ಕಳಿಸಿದರು. ಬಚ್ಚಲುಮನೆಯ ನಲ್ಲಿಗಳು ದಿನಕ್ಕೆ ಮೂರು ಮೂರು ಸಲ ಪೂರ್ತಿ ತೆರೆದುಕೊಳ್ಳತೊಡಗಿದವು. ಅವಳು ಬಾಗಿಲು ಬಡಿದಳು, ಬೈದಳು, ಬೇಡಿದಳು. ಚಿಲಕ ಕಿತ್ತು ಹಾಕಿದಳು. ಅವನು ಸಾರ್ವಜನಿಕ ಶೌಚಾಲಯಕ್ಕೆ ಹೋಗಲು ಕಲಿತ.

ಡಿಪೋಗೆ ಮರಳಿದ ದಿನ ಫೋರ್‌ಮನ್ ಸ್ವಾಗತಕ್ಕೆಂದು ಪಾರ್ಟಿ ಇಟ್ಟ. ಮೊಟ್ಟೆ ಬಂದವು. ಕೊನೆಗೆ ಬಾಟಲಿಯೂ ಬಂತು. "ಇವತ್ತೊಂದು ದಿನ ಕಣೋ, ನಿನ್ನ ಖುಷಿಗೆ." ಅವತ್ತು ಟಯರ್ ರಾಶಿಯ ಹಿಂದೆ ಅವನ ಬಾಯಿಂದ ಬಂದದ್ದು ಬರೀ ರಕ್ತ. ಅಲ್ಲಿಂದ ಮುಂದೆ ಆಸ್ಪತ್ರೆಗೂ ಮನೆಗೂ ಎಡತಾಕುವುದೇ ಆಯಿತು. ಕೈಕಾಲು ಕಡ್ಡಿಯಾದವು, ಮುಖ ಹಳದಿಯಾಯಿತು.

ಅವನು ಕೊನೆಗೆ ಮಲಗಿದ್ದ ವಾರ್ಡಿನಲ್ಲಿ ಒಬ್ಬಳು ಸಣ್ಣ ವಯಸ್ಸಿನ ಡಾಕ್ಟರಮ್ಮ ಅವನ ಮಂಚದ ಅಂಚಿನಲ್ಲಿ ಕೂತು ಕೇಳಿದ್ದಳು, "ಬೇಜಾರಾದಾಗ ನೀವು ಏನು ಮಾಡ್ತೀರಿ?" ಅವನು ಅವಳನ್ನು ಕಣ್ಣು ಮಿಟುಕಿಸದೆ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಹೇಳಿದ, "ಎಷ್ಟು ಒಳ್ಳೇ ಪ್ರಶ್ನೆ ಕೇಳಿದ್ರು ನೋಡು."

* * *

ಸ್ಮಶಾನದಿಂದ ವ್ಯಾನು ಡಿಪೋಗೇ ಹೋಯಿತು. ಕ್ಯಾಂಟೀನಿನಲ್ಲಿ ಎಲ್ಲರಿಗೂ ಊಟದ ಏರ್ಪಾಡು ಮಾಡಿಸಿದ್ದೇನೆ ಎಂದ ಫೋರ್‌ಮನ್. ಅವಳು ಒಲ್ಲೆ ಎಂದಳು. ಆದರೆ ಅತ್ತೆ ನೆನ್ನೆಯಿಂದ ಏನೂ ತಿಂದಿರಲಿಲ್ಲ, ನಿಂತಲ್ಲೇ ಜೋಲಿ ಹೊಡೆಯುತ್ತಿದ್ದರು. ಅವಳು ಅವರನ್ನು ಕರೆದುಕೊಂಡು ಹೋಗಿ ಉದ್ದನೆಯ ಮೇಜಿನ ತುದಿಗೆ ಕೂರಿಸಿದಳು.

ತಗಡಿನ ಚಾವಣಿ ಕಾದು ಡೀಸೆಲ್ ವಾಸನೆಯ ಸೆಖೆ ತುಂಬಿತ್ತು. ಬ್ರೆಡ್ಡು, ಕೋಳಿ, ಬೇಯಿಸಿದ ಮೊಟ್ಟೆಗಳ ದೊಡ್ಡ ಬೋಗುಣಿ. ಮೊದಲು ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಮೇಜಿನ ಕೆಳಗೆ ಬಾಟಲಿಯೊಂದು ಕೈಯಿಂದ ಕೈಗೆ ದಾಟುತ್ತ ಹೋದ ಹಾಗೆ ದನಿಗಳು ಏರಿದವು.

"ಒಂದೇ ಕೂತಲ್ಲಿ ನಲವತ್ತು ಮೊಟ್ಟೆ! ಮನುಷ್ಯನಾ ಅವನು?"

"ನಲವತ್ತಲ್ಲ ಕಣೋ, ನಲವತ್ತೆರಡು. ನಾನೇ ಎಣಿಸಿದ್ದು."

"ಅದನ್ನ ಮುರಿಯೋನು ಇನ್ನೂ ಹುಟ್ಬೇಕು."

"ಹುಟ್ಟಿದಾನಲ್ಲಪ್ಪ! ಇಲ್ಲೇ ಕೂತಿದಾನೆ," ಎಂದ ಫೋರ್‌ಮನ್.

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಬಸ್ಸುಗಳಿಗೆ ಬಣ್ಣ ಹೊಡೆಯುವ ವಿಭಾಗಕ್ಕೆ ಆ ವರ್ಷ ಸೇರಿದ ಪೇಂಟರ್ ಅವನು. ಮೂವತ್ತರ ಆಸುಪಾಸಿನ ದಢೂತಿ ಆಳು. ಬೆಂಚಿನ ತುದಿಯಲ್ಲಿ ಆದಷ್ಟು ಕಡಿಮೆ ಜಾಗ ಹಿಡಿಯಲು ಮುದುಡಿ ಕೂತಿದ್ದ. ಯಾರೋ ಬೋಗುಣಿಯನ್ನು ಅವನ ಮುಂದೆ ತಳ್ಳಿದರು.

"ಇವತ್ತಿಂದ ನೀನೇ ನಮ್ಮ ಗೋಡೌನು! ಅವನ ನೆನಪಿಗೆ ಶುರು ಹಚ್ಚು."

ಪೇಂಟರ್ ಸುತ್ತ ನೋಡಿದ. ಮುಖ ಕೆಂಪೇರಿತ್ತು. ಆಮೇಲೆ ನಕ್ಕ. ನಗುತ್ತ, ಅಂಗೈಯಿಂದ ತನ್ನ ಹೊಟ್ಟೆಯನ್ನು ಎರಡು ಸಲ ತಟ್ಟಿದ. ಗೊಳ್ಳೆಂದು ನಗೆ ಎದ್ದಿತು.

ಅವಳು ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ. ಹಿಂದಿದ್ದ ಬೆಂಚು ಉರುಳಿ ಬಿದ್ದ ಸದ್ದಿಗೆ ನಗೆ ನಿಂತಿತು.

"ಆ ನಲವತ್ತೆರಡು ಮೊಟ್ಟೆ ಆಮೇಲೆ ಎಲ್ಲಿಗೆ ಹೋದ್ವು ಅಂತ ಎಣಿಸಿದವರು ಯಾರಾದ್ರೂ ಹೇಳ್ತೀರಾ?"

'ನಾನೇ ಎಣಿಸಿದ್ದು' ಎಂದಿದ್ದವನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ.

"ನಾನು ಹೇಳ್ತೀನಿ. ನನ್ನ ಬಚ್ಚಲಲ್ಲಿ ಹೋದ್ವು. ನಿಮ್ಮ ಟಯರ್ ರಾಶಿ ಹಿಂದೆ ಹೋದ್ವು. ಗಂಟಲಿಗೆ ಬೆರಳು ಹಾಕಿ ಹಾಕಿ ಅವರ ಬೆರಳಿನ ಗೆಣ್ಣು ಗಾಯ ಆಗಿತ್ತು, ಯಾವತ್ತಾದ್ರೂ ನೋಡಿದ್ರಾ? ಬೆಳಿಗ್ಗೆಯಿಂದ ಸಾಯಂಕಾಲದ ತನಕ ಆ ಕೈ ನಿಮ್ಮ ಕಣ್ಣೆದುರಿಗೇ ಇತ್ತು."

"ಸಮಾಧಾನ ಮಾಡ್ಕೊಳ್ಳಮ್ಮ," ಎಂದ ಫೋರ್‌ಮನ್. "ದುಃಖದಲ್ಲಿ ಏನೇನೋ ಬರುತ್ತೆ ಬಾಯಿಗೆ. ಅವನು ಖುಷಿಯಿಂದ ತಿಂತಿದ್ದ. ನಾವ್ಯಾರೂ ಕೈಕಾಲು ಕಟ್ಟಿ ತಿನ್ನಿಸ್ಲಿಲ್ಲ. ನಿನ್ನ ಗಂಡನಿಗೆ ಬಾಯಿ ಇರ್ಲಿಲ್ವಾ, ಬೇಡ ಅನ್ನೋಕೆ?"

"ಇರ್ಲಿಲ್ಲ!" ಅವಳ ದನಿ ತಗಡಿಗೆ ಬಡಿಯಿತು. "ತಿನ್ನೋಕೆ ಬಾಯಿದೆ ಅಂತ ಅಂಗಳದಲ್ಲಿ ನಿಲ್ಲಿಸಿ ಹೇಳಿದ್ರಲ್ಲ, ನೆನಪಿದ್ಯಾ? ಆ ಬಾಯಿ ತಿನ್ನೋಕೆ ಮಾತ್ರ ಇತ್ತು. ಮಾತಾಡೋಕೆ ಯಾರೂ ಬಿಟ್ಟಿರ್ಲಿಲ್ಲ. ಗಾಲಿ ಬಿದ್ದ ದಿನ ನಟ್ಟು ಬಿಗಿ ಮಾಡೋ ಮುಂಚೆ ಗಾಡಿ ಬಿಟ್ಟವರು ಯಾರು? ಹೇಳಿ, ಎಲ್ಲರೂ ಇದಾರೆ."

ಫೋರ್‌ಮನ್ನಿನ ಕುತ್ತಿಗೆಯ ನರ ಉಬ್ಬಿತು. "ಸತ್ತ ಮನೆಯವಳು ಅಂತ ಸುಮ್ಮನಿದೀನಿ. ನಾಲಿಗೆ ಹಿಡಿತದಲ್ಲಿರ್ಲಿ. ಯಾರು ಹೇಳಿದ್ರು ನಿನಗೆ ಅದನ್ನ?"

"ನಾನೂ ಅಲ್ಲೇ ಇದ್ದೆ," ಎಂದ ಫ್ಯೂಸು.

ಅವನು ಎದ್ದೂ ಇರಲಿಲ್ಲ. ತಟ್ಟೆ ನೋಡಿಕೊಂಡೇ ಹೇಳಿದ್ದ. "ಇನ್ನೆರಡು ನಿಮಿಷ ಕೊಡಿ ಅಂತ ಅವನು ಕೇಳ್ದ. ಬಿಡೋ ಗಾಡಿ ಅಂದವರು ನೀವು. ನಾನು ಬಸ್ಸಿನ ಕೆಳಗೆ ವೈರ್ ನೋಡ್ತಿದ್ದೆ, ಕೇಳಿಸ್ತು."

"ಏನೋ ಬೊಗಳ್ತಿದೀಯ?"

"ಆಗ ಬೊಗಳಬೇಕಿತ್ತು. ಈಗ ಬೊಗಳ್ತಿದೀನಿ."

ಫೋರ್‌ಮನ್ ಮೇಜು ಗುದ್ದಿದ. ಯಾರೋ ಅವನ ಭುಜ ಹಿಡಿದರು. ಇನ್ಯಾರೋ, "ಊಟದ ಹೊತ್ತಲ್ಲಿ ಇದೆಲ್ಲ ಬೇಕಾ?" ಎಂದರು. "ಬೇಕು," ಎಂದ ಮತ್ತೊಬ್ಬ, "ನನಗೂ ಗೊತ್ತಿತ್ತು." ಒಮ್ಮೆಗೇ ಎಲ್ಲರೂ ಎದ್ದು ನಿಂತು ಮಾತಾಡತೊಡಗಿದರು. ಲೋಟಗಳು ಉರುಳಿದವು. ಫ್ಯೂಸಿನ ಅಂಗಿಯ ಕೊರಳಪಟ್ಟಿ ಫೋರ್‌ಮನ್ನಿನ ಮುಷ್ಟಿಯಲ್ಲಿತ್ತು. ಅತ್ತೆ ಕಿವಿಯ ಮೇಲೆ ಕೈಯಿಟ್ಟುಕೊಂಡಿದ್ದರು.

ಆ ಗದ್ದಲದ ನಡುವೆ ಅವಳ ಕಣ್ಣು ಮೇಜಿನ ಆ ತುದಿಗೆ ಹೋಯಿತು.

ಪೇಂಟರ್ ತಿನ್ನುತ್ತಿದ್ದ. ಅವನಿಗೆ ಈಗ ತಿನ್ನೆಂದು ಹೇಳುವವರು ಯಾರೂ ಇರಲಿಲ್ಲ. ಯಾರೂ ಅವನನ್ನು ನೋಡುತ್ತಲೂ ಇರಲಿಲ್ಲ. ತಲೆ ತಗ್ಗಿಸಿ, ಕೂಗಾಟ ಒಂದೊಂದು ಸಲ ಏರಿದಾಗಲೂ ಒಂದೊಂದು ಮೊಟ್ಟೆಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದ. ಹಿಂದಿನದನ್ನು ನುಂಗುವ ಮೊದಲೇ ಕೈ ಇನ್ನೊಂದಕ್ಕೆ ಹೋಗುತ್ತಿತ್ತು.

ಅವಳು ಉರುಳಿದ ಬೆಂಚನ್ನು ದಾಟಿ, ಜಗಳವಾಡುತ್ತಿದ್ದ ಬೆನ್ನುಗಳನ್ನು ತಳ್ಳಿಕೊಂಡು ಹೋಗಿ ಅವನ ಪಕ್ಕದಲ್ಲಿ ಕೂತಳು. ಬಾಯಿಯ ಹತ್ತಿರ ಬಂದಿದ್ದ ಅವನ ಮಣಿಕಟ್ಟನ್ನು ಹಿಡಿದಳು. ಅದು ಎಳೆಯಿತು. ಅವಳು ಬಿಡಲಿಲ್ಲ. ಎಳೆದಾಟದಲ್ಲಿ ಮೊಟ್ಟೆ ಬೆರಳುಗಳ ನಡುವೆ ಒಡೆದು ಹಳದಿ ಪುಡಿ ಇಬ್ಬರ ಕೈಮೇಲೂ ಉದುರಿತು.

"ಏನಾಗ್ತಿದೆ ನಿನಗೆ?" ಎಂದಳು ಅವಳು. "ಹೇಳಪ್ಪ. ಹೆದರಿಕೆ ಆಗ್ತಿದ್ಯಾ?"

ಎರಡೂ ಕೆನ್ನೆ ಉಬ್ಬಿಸಿಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ, ಅವನು ತಲೆಯೆತ್ತಿ ಅವಳನ್ನು ನೋಡಿದ. ಕೆಳತುಟಿ ಅದುರತೊಡಗಿತ್ತು.

ಅವಳು ಇನ್ನೊಂದು ಅಂಗೈಯನ್ನು ಬಟ್ಟಲಿನಂತೆ ಮಾಡಿ ಅವನ ಗದ್ದದ ಕೆಳಗೆ ಒಡ್ಡಿದಳು.